ಪ್ರಸ್ತಾರಕ್ಕಿಂತ ಮೊದಲು ಚಪ್ಪಾಳೆ

ಮಲೆನಾಡಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ನಾನು ಬಹಳ ವರ್ಷ ಪದ್ಯವನ್ನು ಓದಿ, ಕಠಿಣ ಪದಗಳ ಅರ್ಥ ಬರೆಸಿ, ಸಾರಾಂಶ ಹೇಳಿ ಮುಗಿಸುತ್ತಿದ್ದೆ. ಹತ್ತನೆಯ ತರಗತಿಯ ಮಕ್ಕಳು ಒಂದು ಮಾತ್ರೆಯ, ಅಂದರೆ ಉಚ್ಚಾರಣೆಯ ಒಂದು ಅಳತೆಯ, ಲಘುವನ್ನೂ ಎರಡು ಮಾತ್ರೆಯ ಗುರುವನ್ನೂ ಗುರುತಿಸಿ ಅಕ್ಷರಗಳ ಮೇಲೆ ಚಿಹ್ನೆ ಹಾಕುವ ಪ್ರಸ್ತಾರವನ್ನು ತಪ್ಪಿಲ್ಲದೆ ಮಾಡುತ್ತಿದ್ದರು. ಅದೇ ಪದ್ಯವನ್ನು ಗಟ್ಟಿಯಾಗಿ ಓದಲು ಹೇಳಿದರೆ ಗದ್ಯದಂತೆ ಓದುತ್ತಿದ್ದರು. ಕೈ ಎಣಿಸಿದ್ದು ಕಿವಿಗೆ ಬಿದ್ದೇ ಇರಲಿಲ್ಲ. ಅದು ನನ್ನ ಬೋಧನೆಯ ದೋಷವೆಂದು ನನಗೆ ತಡವಾಗಿ ಅರಿವಾಯಿತು.

ಒಂದು ಮಳೆಗಾಲದಲ್ಲಿ ಕುಮಾರವ್ಯಾಸನ ಪದ್ಯಗಳ ಅರ್ಥಕ್ಕೆ ಹೋಗುವ ಮೊದಲೇ ಪುಸ್ತಕ ಮುಚ್ಚಿಸಿ, ಅವುಗಳ ಆರು ಸಾಲಿನ ಛಂದಸ್ಸಾದ ಭಾಮಿನಿ ಷಟ್ಪದಿಯ ನಡೆಯನ್ನು ಚಪ್ಪಾಳೆಯಲ್ಲಿ ಹಾಕಿಸಿದೆ: ‘ತಕಿಟ ತಕಧಿಮಿ, ತಕಿಟ ತಕಧಿಮಿ’. ಮೂರು ಮತ್ತು ನಾಲ್ಕು ಮಾತ್ರೆಗಳ ಈ ಜೋಡಿ 1, 2, 4, 5ನೆಯ ಸಾಲುಗಳಲ್ಲಿ ಎರಡು ಸಲ ಬರುತ್ತದೆ. 3 ಮತ್ತು 6ನೆಯ ಸಾಲುಗಳಲ್ಲಿ ಮೂರು ಸಲ ಬಂದು ಕೊನೆಯ ಗುರುವಿನ ಮೇಲೆ ನಿಲ್ಲುತ್ತದೆ. ಹಿಂದಿನ ಬೆಂಚಿನಲ್ಲಿ ಎಂದೂ ಮಾತನಾಡದ ಹುಡುಗನೊಬ್ಬ, “ಸರ್, ಆಟದಲ್ಲಿ ಭಾಗವತರು ಹೇಳೋ ಪದ್ಯವೂ ಹೀಗೇ ಇರ್ತದೆ” ಎಂದ. ಯಕ್ಷಗಾನದ ಪ್ರಸಂಗಗಳಲ್ಲಿಯೂ ಭಾಮಿನಿ ಇದೆಯೆಂದು ನಾನು ಹೇಳಬೇಕಿದ್ದ ಮಾತನ್ನು ಅವನೇ ಹೇಳಿದ್ದ.

ಆಮೇಲೆ, ಬೆಳಿಗ್ಗೆ ಕಂಡದ್ದನ್ನು ಕುರಿತು ಹದಿನಾಲ್ಕು ಮಾತ್ರೆಗಳ ಒಂದೇ ಒಂದು ಸಾಲು ಬರೆಯಲು ಹೇಳಿದೆ. ಸಾಲುಗಳ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕೆಂಬ ಆದಿಪ್ರಾಸವನ್ನು ಬೇಕೆಂದೇ ಬಿಟ್ಟೆ, ಏಕೆಂದರೆ ಮೊದಲ ದಿನವೇ ಅದನ್ನು ಹೇರಿದರೆ ಮಕ್ಕಳು ಅನುಭವವನ್ನು ಬಿಟ್ಟು ಅಕ್ಷರವನ್ನು ಹುಡುಕತೊಡಗುತ್ತಾರೆ. ಹುಡುಗಿಯೊಬ್ಬಳು ‘ಬಸ್ಸು ಬಾರದೆ ನಿಂತೆ ಮಳೆಯಲ್ಲಿ’ ಎಂದು ಓದಿದಳು. ಚಪ್ಪಾಳೆ ಕೊನೆಯಲ್ಲಿ ಎಡವಿತು. ನಾನು ತಿದ್ದಲಿಲ್ಲ. ಇನ್ನೆರಡು ಸಲ ತಟ್ಟಿ ನೋಡಿ ಆಕೆಯೇ ‘ಮಳೆಯಲಿ’ ಎಂದು ಬದಲಿಸಿದಳು. ಐದಿದ್ದ ಮಾತ್ರೆ ನಾಲ್ಕಾಯಿತು. ಹಳೆಯ ಕವಿಗಳು ‘ಅಲ್ಲಿ’ ಎನ್ನುವ ಕಡೆ ಎಷ್ಟೋ ಸಲ ‘ಅಲಿ’ ಎಂದು ಬಳಸುವುದೇಕೆಂಬುದನ್ನು ಅಷ್ಟು ವರ್ಷ ವ್ಯಾಕರಣದ ಮಾತಿನಲ್ಲಿ ವಿವರಿಸಿದ್ದೆ. ಅಂದು ವಿವರಿಸುವ ಅಗತ್ಯವೇ ಬೀಳಲಿಲ್ಲ.

ಈ ಬರವಣಿಗೆಗೆ ನಾನು ಅಂಕ ಕೊಡುವುದಿಲ್ಲ. ಛಂದಸ್ಸಿನ ಕಟ್ಟು ಒಗ್ಗದವರು ಮುಕ್ತವಾಗಿ ಬರೆಯಬಹುದು, ಆದರೆ ಬರೆದದ್ದನ್ನು ಗಟ್ಟಿಯಾಗಿ ಓದಲೇಬೇಕು. ಆ ಹುಡುಗಿ ಒಂದು ಸಾಲಿಗೆ ನಿಲ್ಲದೆ ವಾರವಿಡೀ ಮೂರನೆಯ ಸಾಲಿನ ಕೊನೆಯ ಗುರುವಿಗಾಗಿ ಹುಡುಕಾಡಿದಳು, ಅದೇ ವಾರ ಗ್ರಂಥಾಲಯದಿಂದ ಕುಮಾರವ್ಯಾಸ ಭಾರತವನ್ನು ಕೇಳಿ ಪಡೆದಳು.