ವಿದ್ಯುತ್-ನೀರು ವಿಸ್ತರಣೆ ಯೋಜನೆ ಓದೋದು ಹೇಗೆ? ಕೊನೆಯ ಪುಟದಿಂದ ಶುರು ಮಾಡಿ

ದೇಶಕ್ಕೆಲ್ಲ ವಿದ್ಯುತ್ತು, ನೀರು ಎರಡನ್ನೂ ಕೊಡುವ ಸಂಸ್ಥೆಯೊಂದು ಮುಂದಿನ ಐದು ವರ್ಷದ ವಿಸ್ತರಣೆ ಯೋಜನೆ ಬಿಡುಗಡೆ ಮಾಡಿದೆ ಅಂದುಕೊಳ್ಳಿ. ಮುಖಪುಟದಲ್ಲಿ ಹೆಲ್ಮೆಟ್ ಹಾಕಿದ ಇಂಜಿನಿಯರ್, ಹಿಂದೆ ಸಾಲು ಸಾಲು ಸೋಲಾರ್ ಪ್ಯಾನೆಲ್, ಒಳಗೆ ಕಣ್ಣು ಕುಕ್ಕುವ ಅಂಕಿಗಳು. ಮೊದಲ ಇಪ್ಪತ್ತು ಪುಟ ಹಾರಿಸಿಬಿಡಿ. ನಾನಂತೂ ಯಾವಾಗಲೂ ಹಿಂದಿನಿಂದಲೇ ಓದುತ್ತೇನೆ, ಭಾಷಣ ಮುಂದೆ ಇರುತ್ತೆ, ಲೆಕ್ಕ ಹಿಂದೆ ಇರುತ್ತೆ. ಒಂದು ಪೆನ್ಸಿಲ್, ಮೊಬೈಲ್‌ನ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಮೊದಲು ವಿದ್ಯುತ್ ಕೋಷ್ಟಕ ತೆಗೆಯಿರಿ. ಮೆಗಾವ್ಯಾಟ್ ಅಂತ ಬರೆದ ಕಡೆಯೆಲ್ಲ ಪಕ್ಕದಲ್ಲಿ ಒಂದು ಪ್ರಶ್ನೆ ಹಾಕಿ: ಯಾವ ಹೊತ್ತಿನಲ್ಲಿ? 100 ಮೆಗಾವ್ಯಾಟ್ ಸೋಲಾರ್ ಅಂದರೆ ನಡು ಮಧ್ಯಾಹ್ನದ ಲೆಕ್ಕ. ಬಿಸಿಲು ಚೆನ್ನಾಗಿರುವ ಜಾಗದಲ್ಲೂ ವರ್ಷವಿಡೀ ಸರಾಸರಿ ಹಾಕಿದರೆ 20ರಿಂದ 25 ಮೆಗಾವ್ಯಾಟ್ ಸಿಕ್ಕರೆ ಹೆಚ್ಚು. ಎಷ್ಟೋ ಕಡೆ ಜನ ಜಾಸ್ತಿ ಕರೆಂಟ್ ಎಳೆಯೋದು ಸಂಜೆ, ಬಿಸಿಲು ಇಳಿದ ಮೇಲೆ. ಹಾಗಾಗಿ ಶೇಖರಣೆ ಇದೆಯಾ, ಇದ್ದರೆ ಎಷ್ಟು ಗಂಟೆ ಅಂತ ಹುಡುಕಿ. ಮೊರಾಕೊದ ವಾರ್ಜಾಜಾತ್‌ನ ನೂರ್ 3 ಸೋಲಾರ್ ಘಟಕ 150 ಮೆಗಾವ್ಯಾಟ್‌ದು, ಕಾಯಿಸಿ ಕರಗಿಸಿದ ಉಪ್ಪಿನಲ್ಲಿ ಬಿಸಿ ಹಿಡಿದಿಟ್ಟುಕೊಂಡು ಸೂರ್ಯ ಮುಳುಗಿದ ಮೇಲೂ ಸುಮಾರು 7 ಗಂಟೆ ಓಡುವ ಹಾಗೆ ಕಟ್ಟಿದ್ದು. ಗಂಟೆ ಹೇಳದೆ ಬರೀ ಮೆಗಾವ್ಯಾಟ್ ಹೇಳಿದರೆ ಪೂರ್ತಿ ಹೇಳಿಲ್ಲ ಅಂತಲೇ ಅರ್ಥ.

ಆಮೇಲೆ ಲೈನು, ಸಬ್‌ಸ್ಟೇಷನ್. ಇವು ಫೋಟೋಕ್ಕೆ ಚೆನ್ನಾಗಿ ಬೀಳಲ್ಲ, ಅದಕ್ಕೇ ಸಣ್ಣ ಅಕ್ಷರದಲ್ಲಿರುತ್ತವೆ. ನನ್ನ ಕೇಳಿದರೆ ಇಡೀ ಪುಸ್ತಕದಲ್ಲಿ ಅತಿ ಹೆಚ್ಚು ಹೊತ್ತು ಕೂರಬೇಕಾದ ಪುಟ ಇದೇ. ಒಂದು ಸಾಲು ಹೀಗಿರುತ್ತೆ ಅಂತಿಟ್ಟುಕೊಳ್ಳಿ: ಹೊಸ ಸಬ್‌ಸ್ಟೇಷನ್, 2 × 100 ಎಂವಿಎ. ಅಂದರೆ ತಲಾ 100ರ ಎರಡು ಟ್ರಾನ್ಸ್‌ಫಾರ್ಮರ್, ಎಂವಿಎ ಅನ್ನೋದು ಅವು ಹೊರುವ ಹೊರೆಯ ಅಳತೆ. ನೋಡಿದ ತಕ್ಷಣ 200 ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಒಂದು ಟ್ರಾನ್ಸ್‌ಫಾರ್ಮರ್ ಕೈಕೊಟ್ಟರೂ ಊರು ಕತ್ತಲಾಗಬಾರದು ಅನ್ನೋ ನಿಯಮದ ಪ್ರಕಾರ ನಂಬಬಹುದಾದ ಸಾಮರ್ಥ್ಯ 100 ಮಾತ್ರ. ಇನ್ನೊಂದು ಸ್ಪೇರ್ ಇದ್ದ ಹಾಗೆ. ಈಗ ಅದೇ ಪ್ರದೇಶದ ಬೇಡಿಕೆ ಅಂದಾಜು ಹುಡುಕಿ. ಅದು 130 ಅಂತಿದ್ದರೆ ಪೆನ್ಸಿಲ್‌ನಲ್ಲಿ ಒಂದು ಗೀಟು ಹಾಕಿ, ಆ ಸಬ್‌ಸ್ಟೇಷನ್ ಉದ್ಘಾಟನೆಯ ದಿನವೇ ಸಣ್ಣದಾಗಿದೆ.

ತಾರೀಖುಗಳನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿ. ಸೋಲಾರ್ ಪಾರ್ಕ್ ಒಂದೆರಡು ವರ್ಷದಲ್ಲಿ ಎದ್ದು ನಿಲ್ಲುತ್ತೆ. ಹೈಟೆನ್ಷನ್ ಲೈನ್ ಹಾಗಲ್ಲ, ನೂರಾರು ಜನರ ಜಮೀನು ದಾಟಬೇಕು, ಕಾಡಿನ ಅನುಮತಿ ಬೇಕು, ಎಲ್ಲೋ ಒಂದು ಗೋಪುರದ ಜಾಗಕ್ಕೆ ತಕರಾರು ಬಂದು ಉಳಿದ ಗೋಪುರಗಳೆಲ್ಲ ತಂತಿಯಿಲ್ಲದೆ ಬೋಳಾಗಿ ನಿಂತಿರುತ್ತವೆ. ಘಟಕ ಮುಗಿಯೋ ವರ್ಷಕ್ಕಿಂತ ಲೈನ್ ಮುಗಿಯೋ ವರ್ಷ ತಡವಾಗಿದ್ದರೆ ಆ ವಿದ್ಯುತ್ತು ಅಷ್ಟು ದಿನ ಅಲ್ಲೇ ಕೂತಿರುತ್ತೆ.

ಇನ್ನು ನೀರು. ಇಲ್ಲಿ ಕೇಳಬೇಕಾದ್ದು ನೀರು ಎಲ್ಲಿಂದ ಬರುತ್ತೆ, ಎಷ್ಟು ಎತ್ತಬೇಕು, ಎಲ್ಲಿ ನಿಲ್ಲುತ್ತೆ, ಎಷ್ಟು ಸೋರುತ್ತೆ.

ಎಲ್ಲಿಂದ ಅನ್ನೋದಕ್ಕೆ ಉತ್ತರ ಸಾಮಾನ್ಯವಾಗಿ ನೀರಿನ ಭಾಗದ ಮೊದಲ ಪುಟದಲ್ಲೇ ಸಿಗುತ್ತೆ. ಮೊರಾಕೊ 2023ರಲ್ಲಿ ಸೆಬು ನದಿಯ ನೀರನ್ನು ಸುಮಾರು 67 ಕಿಲೋಮೀಟರ್ ದೂರಕ್ಕೆ ಸಾಗಿಸಿ ರಾಜಧಾನಿ ರಬಾತ್ ಕಡೆಯ ಬೂರೆಗ್ರೆಗ್ ಜಲಾಶಯಕ್ಕೆ ಸೇರಿಸಿತು, ಸೆಕೆಂಡಿಗೆ 15 ಘನ ಮೀಟರ್ ಹರಿಯುವಷ್ಟು. ಒಂದು ಕಣಿವೆಯಲ್ಲಿ ನೀರು ಮಿಕ್ಕಿ ಸಮುದ್ರಕ್ಕೆ ಹೋಗುತ್ತಿತ್ತು, ಇನ್ನೊಂದರಲ್ಲಿ ಜಲಾಶಯ ಬತ್ತುತ್ತಿತ್ತು. ಇಂಥ ಯೋಜನೆ ಕಂಡಾಗ ಕೊಡುವ ಕಡೆಯ ನದಿ ಬರಗಾಲದಲ್ಲಿ ಹೇಗಿರುತ್ತೆ ಅಂತಲೂ ನೋಡಿ. ಬರ ಬಂದರೆ ಎರಡೂ ಕಡೆ ಒಟ್ಟಿಗೇ ಬರಬಹುದು.

ಎಷ್ಟು ಎತ್ತಬೇಕು ಅನ್ನೋದನ್ನ ಮಾತ್ರ ಯಾರೂ ಜೋರಾಗಿ ಹೇಳಲ್ಲ, ನೀವೇ ಲೆಕ್ಕ ಹಾಕಬೇಕು. ಸುಲಭ ಇದೆ. ಒಂದು ಘನ ಮೀಟರ್, ಅಂದರೆ ಸಾವಿರ ಲೀಟರ್ ನೀರನ್ನು 100 ಮೀಟರ್ ಮೇಲೆತ್ತಲು 0.27 ಯೂನಿಟ್ ಬೇಕೇ ಬೇಕು, ಪ್ರಕೃತಿ ಅದರಲ್ಲಿ ರಿಯಾಯಿತಿ ಕೊಡಲ್ಲ. ಪಂಪು, ಮೋಟಾರಿನಲ್ಲಿ ಒಂದಿಷ್ಟು ಪೋಲಾಗಿ ಅದು 0.36ರ ಹತ್ತಿರ ಬರುತ್ತೆ. ಪೈಪಿನ ಒಳಗಿನ ತಿಕ್ಕಾಟ ಬೇರೆ. ಸಮುದ್ರದ ನೀರನ್ನು ಸಿಹಿ ಮಾಡೋದಾದರೆ ಇನ್ನೂ ಜಾಸ್ತಿ: ಪೊರೆಯ ಮೂಲಕ ಒತ್ತಿ ಸೋಸುವ ರಿವರ್ಸ್ ಆಸ್ಮೋಸಿಸ್‌ಗೆ ಘನ ಮೀಟರಿಗೆ 3ರಿಂದ 4 ಯೂನಿಟ್.

ಮೊರಾಕೊದ ಕಾಸಾಬ್ಲಾಂಕಾದಲ್ಲಿ ಸಮುದ್ರದ ನೀರು ಸಿಹಿ ಮಾಡುವ ಘಟಕವನ್ನೇ ತೆಗೆದುಕೊಳ್ಳಿ. 2024ರ ಜೂನ್‌ನಲ್ಲಿ ಅದನ್ನು ಕಟ್ಟುವ ಕೆಲಸ ಶುರುವಾಯಿತು, ಮೊದಲ ಹಂತದಲ್ಲಿ ದಿನಕ್ಕೆ 5,48,000 ಘನ ಮೀಟರ್. ಮೂರೂವರೆ ಯೂನಿಟ್ ಹಿಡಿದರೆ ದಿನಕ್ಕೆ 19 ಲಕ್ಷ ಯೂನಿಟ್. ಒಂದು ಯೂನಿಟ್ ಅಂದರೆ ಒಂದು ಕಿಲೋವ್ಯಾಟ್ ಒಂದು ಗಂಟೆ ಓಡಿದ ಲೆಕ್ಕ, ಹಾಗಾಗಿ 24ರಿಂದ ಭಾಗಿಸಿ. ಹಗಲು ರಾತ್ರಿ ನಿಲ್ಲದೆ 80 ಮೆಗಾವ್ಯಾಟ್! ಯಾವುದೇ ಯೋಜನೆಯಲ್ಲಿ ಇಂಥ ಘಟಕ ಕಂಡರೆ ತಕ್ಷಣ ವಿದ್ಯುತ್ ಭಾಗಕ್ಕೆ ವಾಪಸ್ ಹೋಗಿ, ಈ ಹೊರೆಯನ್ನು ಬೇಡಿಕೆಯಲ್ಲಿ ಸೇರಿಸಿದ್ದಾರಾ ಅಂತ ಹುಡುಕಿ. ಎರಡೂ ಒಂದೇ ಸಂಸ್ಥೆಯ ಕೈಯಲ್ಲಿದ್ದರೆ ಈ ಪ್ರಶ್ನೆ ಕೇಳಲು ಸಲೀಸು. ಮೊರಾಕೊದಲ್ಲಿ ವಿದ್ಯುತ್ ಕಚೇರಿ, ಕುಡಿಯುವ ನೀರಿನ ಕಚೇರಿ ಬೇರೆ ಬೇರೆ ಇದ್ದವು, 2012ರಲ್ಲಿ ಒಂದಾಗಿ ಒಎನ್‌ಇಇ ಆಯಿತು. ಕತಾರ್‌ನ ಸಂಸ್ಥೆಯ ಹೆಸರೇ ಕಹ್ರಮಾ, ಅರಬ್ಬಿಯಲ್ಲಿ ಕಹ್ರಬಾ ಅಂದರೆ ವಿದ್ಯುತ್ತು, ಮಾ ಅಂದರೆ ನೀರು. ಹೆಸರಿನಲ್ಲಿ ಕೂಡಿಸಿದ ಮಾತ್ರಕ್ಕೆ ಕೋಷ್ಟಕದಲ್ಲೂ ಕೂಡಿಸಿರುತ್ತಾರೆ ಅಂತೇನಿಲ್ಲ, ಸುಮ್ನೆ ನಂಬಬೇಡಿ.

ಇನ್ನೊಂದು ಚಿಕ್ಕ ವಿಷಯ. ಪಂಪ್‌ಹೌಸ್‌ಗೆ ಎಷ್ಟು ಕಡೆಯಿಂದ ಲೈನ್ ಬರುತ್ತೆ? ಒಂದೇ ಕಡೆಯಿಂದ ಅಂದರೆ ಹತ್ತು ನಿಮಿಷ ಕರೆಂಟ್ ಹೋದರೂ ಕಥೆ ಹತ್ತು ನಿಮಿಷಕ್ಕೆ ಮುಗಿಯಲ್ಲ. ಪಂಪು ತಟ್ಟನೆ ನಿಂತಾಗ ಉದ್ದ ಪೈಪಿನೊಳಗೆ ಓಡುತ್ತಿದ್ದ ನೀರು ಹಿಂದಕ್ಕೆ ತಿರುಗಿ ಧಡ್ ಅಂತ ಬಡಿಯುತ್ತೆ, ಹಳೇ ಜಾಯಿಂಟ್ ಇದ್ದರೆ ಅಲ್ಲೇ ಬಿಚ್ಚಿಕೊಳ್ಳುತ್ತೆ. ಮತ್ತೆ ಗಾಳಿ ಬಿಡಿಸಿ, ನಿಧಾನಕ್ಕೆ ವಾಲ್ವ್ ತೆರೆದು, ಪೈಪ್ ತುಂಬಿಸಿ, ಕೊನೆಯ ಬೀದಿಯ ನಲ್ಲಿಗೆ ನೀರು ತಲುಪುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತೆ. ಎರಡನೇ ಲೈನ್, ಅದಿಲ್ಲದಿದ್ದರೆ ಜನರೇಟರ್, ಯೋಜನೆಯಲ್ಲಿ ಎಲ್ಲಾದರೂ ಒಂದು ಸಾಲು ಇರಲೇಬೇಕು.

ನೀರು ನಿಲ್ಲೋ ಜಾಗವನ್ನು ಲೀಟರ್‌ನಲ್ಲಿ ಓದಬೇಡಿ, ದಿನದಲ್ಲಿ ಓದಿ. ಟ್ಯಾಂಕುಗಳ ಒಟ್ಟು ಸಾಮರ್ಥ್ಯವನ್ನು ದಿನದ ಬಳಕೆಯಿಂದ ಭಾಗಿಸಿದರೆ ಆಯಿತು. ಕುಡಿಯುವ ನೀರಿಗೆ ಸಮುದ್ರವನ್ನೇ ನಂಬಿರುವ ಕತಾರ್ 2018ರಲ್ಲಿ ಐದು ಜಾಗಗಳಲ್ಲಿ ಭಾರೀ ಜಲಾಗಾರಗಳನ್ನು ಉದ್ಘಾಟಿಸಿತು, ಘಟಕಗಳೆಲ್ಲ ನಿಂತುಹೋದರೂ ಏಳು ದಿನ ನಡೆಯಬೇಕು ಅನ್ನೋದು ಗುರಿ. ನಿಮ್ಮ ಕೈಯಲ್ಲಿರುವ ಯೋಜನೆಯಲ್ಲಿ ಉತ್ತರ ಅರ್ಧ ದಿನ ಅಂತ ಬಂದರೆ ಅದನ್ನೂ ಬರೆದಿಟ್ಟುಕೊಳ್ಳಿ.

ಸೋರಿಕೆಯದು ಬೇಸರದ ಪುಟ, ಆದರೆ ಬಿಡಬೇಡಿ. ನೂರು ಲೀಟರ್ ಕಳಿಸಿ ಎಪ್ಪತ್ತಕ್ಕೆ ಬಿಲ್ ಬರುತ್ತಿದ್ದರೆ, ಹೊಸ ಘಟಕ ಕಟ್ಟಿದರೂ ಅದರ ನೂರರಲ್ಲಿ ಮೂವತ್ತು ಮಣ್ಣಿಗೇ, ಇಲ್ಲವೇ ಮೀಟರ್ ಇಲ್ಲದ ನಲ್ಲಿಗೆ. ಅದನ್ನು ಎತ್ತಲು ಖರ್ಚಾದ ವಿದ್ಯುತ್ತೂ ಅದರ ಜೊತೆಗೇ ಹೋಯಿತು. ಹಳೇ ಪೈಪ್ ಬದಲಿಸಲು, ಮೀಟರ್ ಹಾಕಲು ಎಷ್ಟು ಹಣ ಇಟ್ಟಿದ್ದಾರೆ, ಹೊಸ ಘಟಕಕ್ಕೆ ಎಷ್ಟು ಇಟ್ಟಿದ್ದಾರೆ ಅಂತ ಅಕ್ಕಪಕ್ಕ ಬರೆಯಿರಿ.

ಸಂಪರ್ಕದ ಶೇಕಡಾವಾರು ಓದುವಾಗಲೂ ಸ್ವಲ್ಪ ಹುಷಾರು. ಮೊರಾಕೊದ ಹಳ್ಳಿಗಳಲ್ಲಿ 1995ರ ಹೊತ್ತಿಗೆ ನೂರಕ್ಕೆ ಇಪ್ಪತ್ತು ಮನೆಗೂ ವಿದ್ಯುತ್ ಇರಲಿಲ್ಲ, ಆಮೇಲೆ ನಡೆದ ಹಳ್ಳಿ ವಿದ್ಯುತ್ ಕಾರ್ಯಕ್ರಮದಿಂದ ಅದು 99 ದಾಟಿತು. ದೊಡ್ಡ ಕೆಲಸವೇ. ಆದರೆ ಅದರಲ್ಲಿ ದೂರದ ಒಂಟಿ ಮನೆಗಳಿಗೆ ಕೊಟ್ಟ ಸೋಲಾರ್ ಕಿಟ್ ಕೂಡ ಸೇರಿದೆ. ಬಲ್ಬು ಉರಿಸುವ ಕಿಟ್ಟೂ ಮಿಕ್ಸಿ, ಮೋಟಾರ್ ಓಡಿಸುವ ಲೈನೂ ಎಣಿಕೆಯಲ್ಲಿ ಒಂದೊಂದೇ.

ಎಲ್ಲ ಮುಗಿದ ಮೇಲೆ ಅದೇ ಸಂಸ್ಥೆಯ ಐದು ವರ್ಷ ಹಿಂದಿನ ಯೋಜನೆ ಹುಡುಕಿ ತೆಗೆಯಿರಿ. ಎರಡರಲ್ಲೂ ಇರುವ ಹೆಸರುಗಳಿಗೆ ಟಿಕ್ ಹಾಕುತ್ತಾ ಬನ್ನಿ. ಅದೇ ಸಬ್‌ಸ್ಟೇಷನ್, ಅದೇ ಪೈಪ್‌ಲೈನ್, ವರ್ಷ ಮಾತ್ರ ಮುಂದಕ್ಕೆ ಹೋಗಿದ್ದರೆ ಅದರ ಪಕ್ಕ ಹಳೇ ತಾರೀಖನ್ನೂ ಬರೆದು, ಸಾರ್ವಜನಿಕರ ಅಭಿಪ್ರಾಯ ಕೇಳುವ ಸಭೆಗೆ ಆ ಹಾಳೆಯನ್ನು ಜೊತೆಗೆ ಒಯ್ಯಿರಿ.