ದೋಣಿಯನ್ನು ಚಳಿಗಾಲದ ಯಾರ್ಡಿಗೆ ಮುಟ್ಟಿಸುವುದು ಹೇಗೆ?

ಕ್ರೇನ್ ಬುಕ್ ಆಗಿದೆ. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ದೋಣಿಯನ್ನು ನೀರಿನಿಂದ ಎತ್ತುತ್ತಾರೆ. ಅಷ್ಟರೊಳಗೆ ಯಾರ್ಡ್, ಅಂದರೆ ಚಳಿಗಾಲ ಕಳೆಯಲು ದೋಣಿಗಳನ್ನು ನೆಲದ ಮೇಲೆ ಎತ್ತಿಡುವ ಜಾಗ, ತಲುಪಬೇಕು. ಬೇಸಿಗೆಯಲ್ಲಾದರೆ ಇದು ಎರಡು ದಿನದ ಆರಾಮದ ದಾರಿ. ಸೀಸನ್ ಮುಗಿಯುವ ಹೊತ್ತಿಗೆ ಅದೇ ಕರಾವಳಿಯ ಮುಖವೇ ಬೇರೆ. ಈ ಕೊನೆಯ ಪಯಣದ ಎಡವಟ್ಟುಗಳನ್ನು ಕೆದಕುತ್ತಾ ಹೋದರೆ ಎಷ್ಟೋ ಸಲ ಆ ಗುರುವಾರದ ಬುಡಕ್ಕೇ ಬಂದು ನಿಲ್ಲುತ್ತೇವೆ. ಕ್ರೇನ್ ತಪ್ಪಿಹೋದೀತು ಅಂತ ಹೊರಡಬಾರದ ದಿನ ಹೊರಟಿರುತ್ತೇವೆ.

ಹಾಗಾಗಿ ಮೊದಲ ಕೆಲಸ, ಯಾರ್ಡಿಗೆ ಒಂದು ಫೋನ್. ಒಂದು ವಾರ ತಡವಾದರೆ ಏನಾಗುತ್ತದೆ ಅಂತ ಕೇಳಿ. ಎರಡು ದಿನದ ದಾರಿಗೆ ಐದು ದಿನ ಇಟ್ಟುಕೊಳ್ಳಿ. ದಾರಿಯ ನಡುವೆ ದೋಣಿ ಕಟ್ಟಿಟ್ಟು ಮನೆಗೆ ಬಂದುಬಿಡಬಹುದಾದ ಒಂದು ಬಂದರನ್ನೂ ಗುರುತಿಸಿಕೊಳ್ಳಿ.

ಬೆಳಕಿನ ಲೆಕ್ಕ

ಉತ್ತರ ಅಕ್ಷಾಂಶ 60 ಡಿಗ್ರಿಯ ಆಸುಪಾಸಿನಲ್ಲಿ ಜೂನ್ ಕೊನೆಯ ಹಗಲು ಸುಮಾರು 19 ಗಂಟೆ. ಅಕ್ಟೋಬರ್ ಕೊನೆಗೆ ಅದು 9 ಗಂಟೆಗೆ ಇಳಿದಿರುತ್ತದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಬಿಟ್ಟರೆ ಕೈಗೆ ಸಿಗುವುದು ಏಳೇ. 5 ನಾಟ್ (ಗಂಟೆಗೆ 5 ನಾಟಿಕಲ್ ಮೈಲಿ) ವೇಗದಲ್ಲಿ 35 ನಾಟಿಕಲ್ ಮೈಲಿ, ಅಂದರೆ ಸುಮಾರು 65 ಕಿಲೋಮೀಟರ್. ಎದುರುಗಾಳಿ ಬೀಸಿತು ಅನ್ನಿ, ವೇಗ ಮೂರೂವರೆಗೆ ಬೀಳುತ್ತದೆ, ದೂರ 25 ಮೈಲಿಗೂ ಮುಟ್ಟುವುದಿಲ್ಲ. ದಿನದ ಗುರಿಯನ್ನು ಈ ಚಿಕ್ಕ ಅಂಕಿಗೇ ಇಡಿ. ಬೇಗ ಮುಟ್ಟಿದರೆ ಒಳ್ಳೆಯದೇ ಆಯ್ತು, ಅಲ್ವಾ?

ಕತ್ತಲಲ್ಲಿ ಗೊತ್ತಿಲ್ಲದ ಬಂದರಿನ ಬಾಯಿ ಹುಡುಕುವುದು ಯಾರಿಗೂ ಬೇಡ. ಬಲೆಯ ತೇಲುಬುರುಡೆಗಳು ಕಾಣುವುದಿಲ್ಲ, ಅವುಗಳ ಹಗ್ಗ ಸೀದಾ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ಆದರೂ ಕತ್ತಲಾಗಬಹುದು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ: ಮೂರೂ ದೀಪ ಉರಿಯುತ್ತವಾ ಅಂತ ಹಿಂದಿನ ದಿನವೇ ನೋಡಿ.

ಫಿಲ್ಟರ್ ಎಂಬ ತಲೆನೋವು

ಕೆಲವು ವರ್ಷಗಳ ಹಿಂದೆ ಗೆಳೆಯನ ದೋಣಿ ಮುಟ್ಟಿಸಲು ಜೊತೆಗೆ ಹೋಗಿದ್ದೆ. ಬೇಸಿಗೆಯಿಡೀ ಇಂಜಿನ್ ಒಂದು ದಿನವೂ ಕೈಕೊಟ್ಟಿರಲಿಲ್ಲ. ಭೂಶಿರ ದಾಟುವಾಗ ಅಲೆ ಜಾಸ್ತಿಯಾಯಿತು. ಇಂಜಿನ್ನಿನ ಸದ್ದು ಏರಿತು, ಇಳಿಯಿತು, ಮತ್ತೆ ಏರಿತು, ಆಮೇಲೆ ನಿಂತೇಹೋಯಿತು. ಡೀಸೆಲ್ ಫಿಲ್ಟರಿನ ಗಾಜಿನ ಬಟ್ಟಲಲ್ಲಿ ಮಸಿ ಕಲಸಿದ ಹಾಗೆ ಕಪ್ಪು ಲೋಳೆ. ಗಾಳಿ ನಮ್ಮನ್ನು ಬಂಡೆಗಳ ಕಡೆಗೆ ತಳ್ಳುತ್ತಿತ್ತು. ಗೆಳೆಯ ಮುಂಭಾಗದ ಚಿಕ್ಕ ಹಾಯಿ ಬಿಚ್ಚಿ ದೋಣಿಯನ್ನು ಆಳದ ಕಡೆಗೆ ತಿರುಗಿಸಿದ. ನಾನು ಮರಗಟ್ಟಿದ ಬೆರಳಲ್ಲಿ ಫಿಲ್ಟರ್ ಬಿಚ್ಚುತ್ತಾ ಕೂತೆ. ಹತ್ತು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ಕಾರಣ ಸರಳ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ತೇವ ಹನಿಗಟ್ಟಿ, ಆ ನೀರು ಡೀಸೆಲಿನ ತಳಕ್ಕೆ ಇಳಿಯುತ್ತದೆ. ನೀರು, ಡೀಸೆಲ್ ಸೇರುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಸಮುದ್ರ ಶಾಂತವಿದ್ದಾಗ ಆ ಗಸಿ ತಳದಲ್ಲಿ ಸುಮ್ನೆ ಕೂತಿರುತ್ತದೆ. ಅಲೆ ಕಲಕಿತೋ, ಎಲ್ಲವೂ ಫಿಲ್ಟರಿಗೆ ಬಂದು ತುಂಬುತ್ತದೆ. ಹೊರಡುವ ಮುನ್ನ ಬಟ್ಟಲಿನ ನೀರು ಬಸಿಯಿರಿ, ಹೊಸ ಫಿಲ್ಟರ್ ಹಾಕಿ, ಇನ್ನೆರಡು ಜೊತೆಗಿಟ್ಟುಕೊಳ್ಳಿ. ಫಿಲ್ಟರ್ ಬದಲಿಸಿ ಕೊಳವೆಯೊಳಗಿನ ಗಾಳಿ ತೆಗೆಯುವುದನ್ನು ದಕ್ಕೆಯಲ್ಲೇ ಒಂದು ಸಲ ಮಾಡಿ ನೋಡಿ. ಡೀಸೆಲನ್ನೂ ಅಲ್ಲೇ ತುಂಬಿಸಿ. ಸೀಸನ್ ಮುಗಿದ ಮೇಲೆ ದಾರಿಯ ಬಂದರುಗಳಲ್ಲಿ ಪಂಪು ಮುಚ್ಚಿರಬಹುದು, ನಲ್ಲಿ ಬಂದ್ ಆಗಿರಬಹುದು.

ಗಾಳಿ, ನೀರು, ಚಳಿ

ಹವಾಮಾನ ವರದಿಯಲ್ಲಿ ಗಾಳಿಯ ಬಲದ ಜೊತೆ ದಿಕ್ಕನ್ನೂ ನೋಡಿ. ಗಾಳಿಯ ಬಲ ಅಳೆಯುವ ಬ್ಯೂಫೋರ್ಟ್ ಮಾಪಕದಲ್ಲಿ 5 ಅಂದರೆ 17ರಿಂದ 21 ನಾಟ್. ಹಿಂದಿನಿಂದ ಬೀಸಿದರೆ ಅದು ಖುಷಿಯ ಓಟ, ಎದುರಿಗೆ ಬಂದರೆ ಇಡೀ ದಿನ ಗುದ್ದಾಟ. ಭರತ, ಇಳಿತದ ಹರಿವು ಒಂದು ಕಡೆಗೆ, ಗಾಳಿ ಅದಕ್ಕೆ ಎದುರು ಎಂದಾದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ಭೂಶಿರಗಳನ್ನು ಎರಡೂ ಒಂದೇ ದಿಕ್ಕಿಗಿರುವ ಹೊತ್ತಿನಲ್ಲಿ ದಾಟಿ.

ತಣ್ಣೀರಿಗೆ ಬಿದ್ದವರಿಗೆ 1-10-1 ಎಂಬ ಲೆಕ್ಕವಿದೆ. ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಕೆಲಸ ಮಾಡುವುದು 10 ನಿಮಿಷ, ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಆ ಮೊದಲ ನಿಮಿಷ ದಾಟಿಸುವುದು ಲೈಫ್ ಜಾಕೆಟ್. ದಕ್ಕೆ ಬಿಡುವ ಮೊದಲೇ ತೊಟ್ಟುಕೊಳ್ಳಿ. ಒಬ್ಬರೇ ಮೇಲಿದ್ದಾಗ ಪಟ್ಟಿಯಿಂದ ದೋಣಿಗೆ ಕಟ್ಟಿಕೊಂಡೇ ಇರಿ. ಒಣಗಿದ ಕೈಗವಸು ಎರಡು ಜೊತೆ ಹೆಚ್ಚಿಗೆ ಬೇಕು, ಮೊದಲ ಜೊತೆ ಒಂದು ಗಂಟೆಯಲ್ಲಿ ತೊಪ್ಪೆಯಾಗುತ್ತದೆ. ಕ್ಯಾಬಿನ್ನಿನಲ್ಲಿ ಹೀಟರ್ ಉರಿಸುವುದಾದರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು. ಆ ಅನಿಲಕ್ಕೆ ವಾಸನೆ ಇಲ್ಲ.

ಯಾರ್ಡ್ ಮುಟ್ಟಿದ ಮೇಲೆ

ಹಗ್ಗ ಕಟ್ಟಿದ ಕೂಡಲೇ ಮನೆ ನೆನಪಾಗುತ್ತದೆ. ತಡೆಯಿರಿ. ಇಂಜಿನ್ ಬಿಸಿಯಿದ್ದಾಗಲೇ ಆಯಿಲ್ ಬದಲಿಸಿ. ತೆಳ್ಳಗಿರುವಾಗ ಕೊಳೆಯ ಸಮೇತ ಇಳಿದು ಬರುತ್ತದೆ.

ಕ್ರೇನಿನಲ್ಲಿ ಎತ್ತಿದೊಡನೆ ತಳಕ್ಕೆ ಪ್ರೆಶರ್ ನೀರು ಹೊಡೆಸಿ. ಪಾಚಿ, ಚಿಪ್ಪು ಒಣಗಿದರೆ ಆಮೇಲೆ ಕೆರೆದು ತೆಗೆಯಲು ಉಳಿಯೇ ಬೇಕಾಗುತ್ತದೆ. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ, ಇಂಜಿನ್ ಬ್ಲಾಕನ್ನೇ ಸೀಳಲು ಅಷ್ಟು ಸಾಕು. ಕಡಲನೀರು ಎಳೆಯುವ ಕೊಳವೆಯನ್ನು ಆಂಟಿಫ್ರೀಜ್ (ಚಳಿಗೆ ಹೆಪ್ಪುಗಟ್ಟದ ದ್ರವ) ತುಂಬಿದ ಬಕೆಟ್ಟಿಗೆ ಇಳಿಬಿಟ್ಟು, ಹಿಂದಿನ ಹೊಗೆ ಕೊಳವೆಯಿಂದ ಬಣ್ಣದ ನೀರು ಬರುವವರೆಗೆ ಇಂಜಿನ್ ಓಡಿಸಿ. ಆಂಟಿಫ್ರೀಜ್ ಪ್ರೊಪಿಲೀನ್ ಗ್ಲೈಕಾಲಿನದ್ದೇ ಇರಲಿ, ಎಥಿಲೀನಿನದ್ದು ವಿಷ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಡಿ, ಖಾಲಿಯಾದದ್ದು ಬೇಗ ಹೆಪ್ಪುಗಟ್ಟುತ್ತದೆ.

ಕೊನೆಗೆ ತಳದ ವಾಲ್ವುಗಳು, ಅಂದರೆ ದೋಣಿಯ ತಳದಲ್ಲಿ ನೀರು ಒಳಬರುವ, ಹೊರಹೋಗುವ ತೂತುಗಳ ಮುಚ್ಚಳಗಳು. ಮುಚ್ಚಿಟ್ಟರೆ ಒಳಗಿನ ಉಂಡೆಯಲ್ಲಿ ನೀರು ಸಿಕ್ಕಿಕೊಂಡು ವಾಲ್ವ್ ಒಡೆಯಬಹುದು. ಹಾಗಾಗಿ ತೆರೆದೇ ಇಡಿ. ಒಂದು ಟೇಪಿನ ಮೇಲೆ ‘ವಾಲ್ವ್ ತೆರೆದಿವೆ’ ಅಂತ ದಪ್ಪಗೆ ಬರೆದು ಇಂಜಿನ್ನಿನ ಕೀಲಿಗೆ ಸುತ್ತಿ. ವಸಂತದಲ್ಲಿ ದೋಣಿ ಇಳಿಸುವವರು ಬೇರೆಯವರಿರಬಹುದು.