ಶ್ರುತಿ ಇಳಿಸಿದೆ, ಹಾಡು ಬಿಡಲಿಲ್ಲ

ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ಕ್ಕೇ ಮುಟ್ಟು ನಿಲ್ಲುತ್ತದೆ. ಅದಕ್ಕೂ ಕೆಲವು ವರ್ಷ ಮೊದಲೇ ಏರುಪೇರು ಶುರು. ಕರ್ನಾಟಕ ಸಂಗೀತ ಹಾಡುವವಳಿಗೆ ಅದು ಹೆಸರು, ಕಛೇರಿ ಎರಡೂ ಕೂಡಿಬರುವ ವಯಸ್ಸು.

ನನಗೆ ಮೊದಲು ಗೊತ್ತಾಗಿದ್ದು ತಾರಸ್ಥಾಯಿಯಲ್ಲಿ, ಅಂದರೆ ಎತ್ತರದ ಸ್ವರಗಳಲ್ಲಿ. ಬೆಳಗ್ಗೆ ಗಟ್ಟಿಯಾಗಿ ನಿಂತ ಗಾಂಧಾರ ಸಂಜೆ ಒಡೆಯುತ್ತಿತ್ತು. ರಾಮನವಮಿ ಪೆಂಡಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ಕೂತರೆ ಎದೆಯಿಂದ ಕೆನ್ನೆವರೆಗೆ ಭಗ್ಗನೆ ಬಿಸಿ ಏರುತ್ತಿತ್ತು.

ಗಂಟಲಿನ ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿದರು. ಗಂಟು ಇರಲಿಲ್ಲ. ದನಿತಂತುಗಳಲ್ಲಿ ಪಸೆ ಕಮ್ಮಿಯಾಗಿ, ಸ್ವಲ್ಪ ಊದಿಕೊಂಡಿದ್ದವು. ಹೆಣ್ಣಿನ ಹಾರ್ಮೋನು ಈಸ್ಟ್ರೋಜನ್ ಇಳಿದಾಗ ಹೀಗಾಗುತ್ತದೆ. ಥೈರಾಯ್ಡ್ ಕಮ್ಮಿಯಾದರೂ ದನಿ ಗೊಗ್ಗರಾಗುವುದರಿಂದ ಅದನ್ನೂ ಪರೀಕ್ಷೆ ಮಾಡಿಸಿದರು. ಸ್ತ್ರೀರೋಗ ತಜ್ಞೆಗೆ ನಾನು ಹೇಳಿದ ಮೊದಲ ಮಾತು, "ಮೇಡಂ, ನಾನು ಹಾಡುವವಳು." ಪ್ರತಿ ಗಾಯಕಿಯೂ ಇದನ್ನು ಹೇಳಲೇಬೇಕು. ಡ್ಯಾನಜಾಲ್, ಟೆಸ್ಟೋಸ್ಟೆರಾನ್ ಥರದ ಔಷಧಗಳು ದನಿಯನ್ನು ದಪ್ಪ ಮಾಡಬಹುದು. ನಿಲ್ಲಿಸಿದ ಮೇಲೂ ಹಳೇ ದನಿ ವಾಪಸ್ ಬಾರದೇ ಇರಬಹುದು.

ಆಮೇಲೆ ಶ್ರುತಿ, ಅಂದರೆ ಹಾಡಿಗೆ ಆಧಾರವಾದ ಷಡ್ಜದ ಎತ್ತರ. ಅದನ್ನು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುತ್ತೇವೆ. ಐದೂವರೆ ಮನೆಯಿಂದ ಐದಕ್ಕೆ, ಅಲ್ಲಿ ಗಂಟಲು ಒಗ್ಗಿದ ಮೇಲೆ ನಾಲ್ಕೂವರೆಗೆ ಬಂದೆ. ಮೃದಂಗದವರು ವಾದ್ಯವನ್ನು ಅದಕ್ಕೆ ತಕ್ಕಂತೆ ತರಬೇಕಲ್ಲ, ಮೊದಲೇ ಫೋನ್ ಮಾಡಿದೆ.

"ಯಾಕಮ್ಮ, ಗಂಟಲು ಸರಿಯಿಲ್ವಾ?"

"ಮುಟ್ಟು ನಿಲ್ಲೋ ಕಾಲ ಸಾರ್, ದನಿ ಇಳಿದಿದೆ."

ಒಂದು ಕ್ಷಣ ಅವರು ಮಾತಾಡಲಿಲ್ಲ. "ನಮ್ಮನೆಯವರೂ ತುಂಬಾ ಒದ್ದಾಡಿದ್ರಮ್ಮ. ತನಿ ಸ್ವಲ್ಪ ಉದ್ದ ಮಾಡ್ತೀನಿ, ನೀವು ನೀರು ಕುಡಿದು ಸುಧಾರಿಸ್ಕೊಳ್ಳಿ" ಅಂದರು. ತನಿ ಅಂದರೆ ಹಾಡು ನಿಲ್ಲಿಸಿ ತಾಳವಾದ್ಯ ಮಾತ್ರ ನುಡಿಸುವ ಭಾಗ. ಅವತ್ತಿನಿಂದ ಯಾರ ಹತ್ತಿರ ಹೇಳುವುದಕ್ಕೂ ನನಗೆ ಸಂಕೋಚವಿಲ್ಲ. ಆಯೋಜಕರಿಗೂ ಹೇಳುತ್ತೇನೆ: ಪಕ್ಕದಲ್ಲಿ ಒಂದು ಫ್ಯಾನ್ ಬೇಕು, ಮೈಕಿಗೆ ಗಾಳಿ ಹೊಡೆಯಬಾರದು. ಉಡುವುದು ಇಳಕಲ್ಲಿನ ಹತ್ತಿ ಸೀರೆ.

ಸಾಧನೆಯೂ ಬದಲಾಯಿತು. ಅರ್ಧ ಲೋಟ ನೀರಲ್ಲಿ ಸ್ಟ್ರಾ ಇಟ್ಟು, ಗುಳ್ಳೆ ಏಳುವ ಹಾಗೆ ಸ್ವರ ಎಳೆಯುತ್ತೇನೆ. ತಂತುಗಳಿಗೆ ಪೆಟ್ಟು ಕಮ್ಮಿ. ತಾರಸ್ಥಾಯಿ ಜಾಸ್ತಿ ಇರುವ ಕೃತಿಗಳನ್ನು ಗಂಟಲು ಕಾದ ಮೇಲೆ, ಕಛೇರಿಯ ನಡುವೆ ಹಾಡುತ್ತೇನೆ. ತೋಡಿ ರಾಗದ ಮಂದ್ರ (ಕೆಳಸ್ಥಾಯಿಯ) ಧೈವತ ಈಗ ಮೊದಲಿಗಿಂತ ತುಂಬಿ ಬರುತ್ತಿದೆ. ಗಂಗೂಬಾಯಿ ಹಾನಗಲ್ ಅವರ ದನಿ ಗಂಟಲಿನ ಶಸ್ತ್ರಚಿಕಿತ್ಸೆ ಆದ ಮೇಲೆ ಗಡಸಾಯಿತು. ಅಲ್ಲಿ ಕಾರಣ ಬೇರೆ. ಆದರೆ ಆ ದನಿಯನ್ನು ನಾವು ಯಾರೂ ಕೊರತೆ ಅಂತ ಕೇಳಲಿಲ್ಲ, ಅಲ್ವಾ?

ಈಗ ಊರಿನ ಕೆಲವು ಗಾಯಕಿಯರು, ವೀಣೆ-ಪಿಟೀಲಿನವರು ಆಗಾಗ ಸೇರುತ್ತೇವೆ. ವೀಣೆಯವರಿಗೆ ಬೆಳಗ್ಗೆ ಬೆರಳಿನ ಕೀಲು ಬಿಗಿ. ಇನ್ನೊಬ್ಬರಿಗೆ ನಿದ್ದೆಗೆಟ್ಟು ಸಾಹಿತ್ಯವೇ ನೆನಪಾಗುವುದಿಲ್ಲ. ಎದುರಿಗೆ ಪುಸ್ತಕ ಇಟ್ಟುಕೊಂಡು ಹಾಡಿ ಅಂತ ಎಲ್ಲರೂ ಒತ್ತಾಯ ಮಾಡಿದೆವು. ಯಾರಿಗಾದರೂ ಆ ದಿನ ಆಗಲೇ ಇಲ್ಲವೆಂದರೆ ನಮ್ಮಲ್ಲೇ ಇನ್ನೊಬ್ಬಳು ಹೋಗಿ ಹಾಡುತ್ತಾಳೆ. ಬರುವಾಗ, ಮುಂದಿನ ಕಛೇರಿ ಇವತ್ತು ಬರಲಾಗದವಳಿಗೇ ಕೊಡಿ ಅಂತ ಆಯೋಜಕರಿಗೆ ಹೇಳಿಯೇ ಬರುತ್ತಾಳೆ.